ನಾರಿಸ್ ವಿಲಿಯಮ್ಸ್: ಟೈಟಾನಿಕ್ ಪಕ್ಕಕ್ಕಿಟ್ಟರೆ ಆಟಗಾರನಾಗಿ ಎಷ್ಟು ದೊಡ್ಡವ?

ಗ್ರಾಸ್‌ಕೋರ್ಟ್_ಗಿರಿ
ಹಳೇ ಟೆನಿಸ್ ಮಾತು ಬಂದರೆ ರಿಚರ್ಡ್ ನಾರಿಸ್ ವಿಲಿಯಮ್ಸ್ ಹೆಸರು ಬಂದೇ ಬರುತ್ತದೆ. ಹೆಸರು ಬಂದ ತಕ್ಷಣ ಎಲ್ಲರೂ "ಓ, ಟೈಟಾನಿಕ್‌ನಲ್ಲಿ ಬದುಕಿ ಬಂದನಲ್ಲ, ಅವನು" ಅನ್ನುತ್ತಾರೆ. ಅಲ್ಲಿಗೆ ಮುಗೀತು. ಆಟ ಹೇಗಿತ್ತು ಅಂತ ಯಾರೂ ಕೇಳಲ್ಲ.

ಲೆಕ್ಕ ನೋಡಿ. 1914 ಮತ್ತು 1916ರಲ್ಲಿ ಅಮೆರಿಕ ರಾಷ್ಟ್ರೀಯ ಸಿಂಗಲ್ಸ್ ಚಾಂಪಿಯನ್, ಅಂದರೆ ಈಗಿನ ಯು.ಎಸ್. ಓಪನ್. 1920ರಲ್ಲಿ ವಿಂಬಲ್ಡನ್ ಡಬಲ್ಸ್. 1925, 1926ರಲ್ಲಿ ವಿನ್ಸೆಂಟ್ ರಿಚರ್ಡ್ಸ್ ಜೊತೆ ಅಮೆರಿಕದ ಡಬಲ್ಸ್. 1924ರಲ್ಲಿ ಒಲಿಂಪಿಕ್ ಚಿನ್ನ. ದೇಶದೇಶಗಳ ನಡುವಿನ ಟೂರ್ನಿ ಡೇವಿಸ್ ಕಪ್‌ನಲ್ಲಿ ಅಮೆರಿಕ ತಂಡದ ಆಟಗಾರ, ಆಮೇಲೆ ನಾಯಕ. ಇಷ್ಟೆಲ್ಲ ಇದ್ದೂ ಜನಕ್ಕೆ ನೆನಪಿರೋದು 1912ರ ಒಂದು ರಾತ್ರಿ ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಆ ಹಡಗು ಹತ್ತದೇ ಇದ್ದಿದ್ದರೂ ಈತನನ್ನು ನಾವು ದೊಡ್ಡ ಆಟಗಾರ ಅನ್ನುತ್ತಿದ್ದೆವಾ? ಅಥವಾ ಕತೆ ಚೆನ್ನಾಗಿದೆ ಅಂತ ಆಟಕ್ಕೂ ಮಾರ್ಕ್ಸ್ ಜಾಸ್ತಿ ಕೊಡುತ್ತಿದ್ದೇವಾ?

ಅಂಕಿಅಂಶ_ಅಣ್ಣಪ್ಪ
ಎರಡನೆಯದು. ಎರಡೇ ಸಿಂಗಲ್ಸ್ ಪಟ್ಟ. ಬಿಲ್ ಟಿಲ್ಡನ್ ಏಳು. ವಿಲಿಯಂ ಲಾರ್ನೆಡ್ ಏಳು. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ಲೆಟ್_ಸರ್ವ್
ಅಣ್ಣಪ್ಪನವರೇ, ಗಿರಿ ಪೋಸ್ಟ್ ಹಾಕಿ ಐದು ನಿಮಿಷ ಆಗಿಲ್ಲ, ನಿಮ್ಮ ತೀರ್ಪು ರೆಡಿ 😄

ಹಳೇಪೇಪರ್
ಕತೆ ಸರಿಯಾಗಿ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಆಮೇಲೆ ಜಗಳ ಆಡೋಣ.

ಹುಟ್ಟಿದ್ದು 1891ರಲ್ಲಿ ಜಿನೀವಾದಲ್ಲಿ. ಅಪ್ಪ ಅಮ್ಮ ಅಮೆರಿಕದವರು, ಬೆಳೆದದ್ದು ಸ್ವಿಟ್ಜರ್ಲೆಂಡ್‌ನಲ್ಲಿ. 21ನೇ ವಯಸ್ಸಿನಲ್ಲಿ ಅಮೆರಿಕದಲ್ಲಿ ಟೆನಿಸ್ ಆಡಿ, ಹಾರ್ವರ್ಡ್ ಸೇರುವ ಯೋಚನೆಯಲ್ಲಿ ಅಪ್ಪ ಚಾರ್ಲ್ಸ್ ಡುವೇನ್ ಜೊತೆ ಫ್ರಾನ್ಸಿನ ಶೆರ್ಬೂರ್ಗ್‌ನಲ್ಲಿ ಟೈಟಾನಿಕ್ ಹತ್ತಿದ. ಮೊದಲ ದರ್ಜೆ. ಹಡಗು ಹಿಮಗಡ್ಡೆಗೆ ಬಡಿದ ಮೇಲೆ, ಒಂದು ಕ್ಯಾಬಿನ್ ಬಾಗಿಲು ಜಾಮ್ ಆಗಿ ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದರು. ಈತ ಭುಜ ಕೊಟ್ಟು ಬಾಗಿಲು ಒಡೆದ. ಅಲ್ಲಿದ್ದ ಸ್ಟೀವರ್ಡ್, ಕಂಪನಿ ಆಸ್ತಿ ಹಾಳು ಮಾಡಿದ್ದೀಯ, ದೂರು ಕೊಡುತ್ತೇನೆ ಅಂತ ಗದರಿದನಂತೆ! ಹಡಗೇ ಮುಳುಗುತ್ತಿದೆ, ಇವನಿಗೆ ಬಾಗಿಲಿನ ಚಿಂತೆ.

ಕೊನೆಗೆ ಅಪ್ಪ ಮಗ ಇಬ್ಬರೂ ನೀರಿಗೆ ಬಿದ್ದರು. ದೊಡ್ಡ ಹೊಗೆ ಕೊಳವೆ ಮುರಿದು ಬಿದ್ದು ಅಪ್ಪ ಕಣ್ಣೆದುರೇ ಹೋದರು. ಮಗ ಈಜಿಕೊಂಡು ಅರ್ಧ ನೀರು ತುಂಬಿದ್ದ ಮಡಚುವ ದೋಣಿ 'ಎ' ಸೇರಿದ. ಮೊಣಕಾಲವರೆಗೆ ಹಿಮದಂಥ ನೀರು. ಅದರಲ್ಲೇ ಗಂಟೆಗಟ್ಟಲೆ ನಿಂತಿದ್ದ. ಜೊತೆಗಿದ್ದವರು ಒಬ್ಬೊಬ್ಬರಾಗಿ ಕುಸಿದರು. ಬೆಳಗಿನ ಹೊತ್ತಿಗೆ 14ನೇ ನಂಬರಿನ ದೋಣಿ ಬಂದು ಉಳಿದವರನ್ನು ಎತ್ತಿಕೊಂಡು ಕಾರ್ಪೇಥಿಯಾ ಹಡಗಿಗೆ ತಲುಪಿಸಿತು. ಅಲ್ಲಿ ಡಾಕ್ಟರು ಕಾಲು ನೋಡಿ, ಎರಡೂ ಕತ್ತರಿಸಬೇಕು ಅಂದರು. ಈತ ಒಪ್ಪಲಿಲ್ಲ, ನನಗೆ ಈ ಕಾಲು ಬೇಕು ಅಂದ. ಎರಡೆರಡು ಗಂಟೆಗೊಮ್ಮೆ ಎದ್ದು ಡೆಕ್ ಮೇಲೆ ನಡೆದ, ಹಗಲೂ ರಾತ್ರಿಯೂ.

ಅದೇ ವರ್ಷ ಮೇರಿ ಬ್ರೌನ್ ಜೊತೆ ಅಮೆರಿಕದ ಮಿಶ್ರ ಡಬಲ್ಸ್ ಗೆದ್ದ. ಈಗ ಹೇಳಿ ಅಣ್ಣಪ್ಪ.

ಅಂಕಿಅಂಶ_ಅಣ್ಣಪ್ಪ
ಹೇಳಿದೆನಲ್ಲ. ಕತೆ ಅದ್ಭುತ. ನಾನು ಕೇಳುತ್ತಿರುವುದು ಬ್ಯಾಕ್‌ಹ್ಯಾಂಡ್ ಬಗ್ಗೆ.

ಡಾಕ್ಟ್ರಮ್ಮ_ದಾವಣಗೆರೆ
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಆ ನೀರು ಸುಮಾರು ಮೈನಸ್ 2 ಡಿಗ್ರಿ. ಉಪ್ಪು ನೀರಾದ್ದರಿಂದ ಗಟ್ಟಿಯಾಗಿರಲಿಲ್ಲ ಅಷ್ಟೇ. ಅದರಲ್ಲಿ ಅಷ್ಟು ಹೊತ್ತು ನಿಂತರೆ ರಕ್ತನಾಳ, ನರ ಎರಡಕ್ಕೂ ಏಟು. ಆಗಿನ ಕಾಲದಲ್ಲಿ ಆಂಟಿಬಯೋಟಿಕ್ ಇಲ್ಲ. ಗ್ಯಾಂಗ್ರೀನ್ ಆದರೆ ಪ್ರಾಣವೇ ಹೋಗುತ್ತದೆ ಅಂತ ಹೆದರಿ ಆ ಡಾಕ್ಟರು ಕತ್ತರಿಸೋಣ ಅಂದಿರಬಹುದು. ಅವರನ್ನು ವಿಲನ್ ಮಾಡಬೇಡಿ.

ಇನ್ನೊಂದು ಮಾತು. ಹಿಮಗಡಿತ ಆದ ಕಾಲಿನಲ್ಲಿ ನಡೆಯಿರಿ ಅಂತ ಇವತ್ತು ಯಾವ ವೈದ್ಯರೂ ಹೇಳಲ್ಲ. ಬೆಚ್ಚಗಿನ ನೀರಿನಲ್ಲಿ ಬೇಗ ಬಿಸಿ ಮಾಡಿ, ಭಾರ ಹಾಕದೆ ಇಡಬೇಕು. ಆತನಿಗೆ ಅದೃಷ್ಟ ಇತ್ತು. ಬಹುಶಃ ಅಂಗಾಂಶ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ವಾಟ್ಸಾಪ್‌ನಲ್ಲಿ 'ಮನೋಬಲದಿಂದ ಕಾಲು ಉಳಿಸಿಕೊಂಡ ವೀರ' ಅಂತ ಬರುವ ಮೆಸೇಜುಗಳನ್ನು ನಂಬಿ ಹಿಮಾಲಯ ಟ್ರೆಕ್ಕಿಂಗ್‌ನಲ್ಲಿ ಪ್ರಯೋಗ ಮಾಡಬೇಡಿ.

ಲೆಟ್_ಸರ್ವ್
ಡಾಕ್ಟ್ರಮ್ಮ, ಅದೇ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ನಿನ್ನೆ ಬಂತು. ಕೆಳಗೆ 'ಓದಿ ಹತ್ತು ಜನಕ್ಕೆ ಕಳಿಸಿ' ಅಂತಲೂ ಇತ್ತು.

ಶೆಟ್ಟರ_ಸ್ಲೈಸ್
ಅಣ್ಣಪ್ಪನವರ ಬ್ಯಾಕ್‌ಹ್ಯಾಂಡ್ ಪ್ರಶ್ನೆಗೆ ಬರೋಣ.

ಈತನ ಆಟದ ಗುಟ್ಟೇ ಬೇರೆ. ಚೆಂಡು ನೆಲಕ್ಕೆ ಬಡಿದು ಮೇಲೇಳುತ್ತಿರುವಾಗಲೇ ಹೊಡೆಯುವುದು. ಆ ಕಾಲದ ಹೆಚ್ಚಿನವರು ಚೆಂಡು ಪೂರ್ತಿ ಎದ್ದು, ಇಳಿಯುವಾಗ ಆರಾಮಾಗಿ ಹೊಡೆಯುತ್ತಿದ್ದರು. ಈತ ಕೋರ್ಟಿನ ಒಳಗೆ ನಿಂತು ಹಾಫ್ ವಾಲಿ, ಅದೂ ಸ್ಪಿನ್ ಇಲ್ಲದೆ ಚಪ್ಪಟೆಯಾಗಿ, ಗೆರೆಗೆ ಅಂಟಿಸಿದ ಹಾಗೆ. ಎದುರಾಳಿಗೆ ಉಸಿರು ತಗೊಳ್ಳಲೂ ಬಿಡುವು ಇಲ್ಲ. ಇವತ್ತು ಟಿ.ವಿ.ಯಲ್ಲಿ ನಾವು ನೋಡುವ ಆಟಕ್ಕೆ ಇದು ತುಂಬಾ ಹತ್ತಿರ.

ಒಂದೇ ತೊಂದರೆ. ಸೇಫ್ ಆಗಿ ಆಡೋದು ಅನ್ನುವುದೇ ಆತನಿಗೆ ಗೊತ್ತಿರಲಿಲ್ಲ. ಮುಂದಿದ್ದಾಗಲೂ ಅದೇ ಹೊಡೆತ, ಹಿಂದಿದ್ದಾಗಲೂ ಅದೇ. ಲಯ ಸಿಕ್ಕ ದಿನ ಯಾರೂ ಮುಟ್ಟುವ ಹಾಗಿಲ್ಲ. ಸಿಗದ ದಿನ ಯಾರು ಬೇಕಾದರೂ ಸೋಲಿಸಬಹುದು. ಮರದ ರಾಕೆಟ್, ಹುಲ್ಲಿನ ಕೋರ್ಟು, ಒಂದೊಂದು ಸಲ ಒಂದೊಂದು ಥರ ಪುಟಿಯುವ ಚೆಂಡು. ಇದರಲ್ಲಿ ಹಾಫ್ ವಾಲಿಯನ್ನೇ ನಂಬಿಕೊಂಡು ಎರಡು ಸಲ ಚಾಂಪಿಯನ್ ಆಗೋದು ಹುಡುಗಾಟ ಅಲ್ಲ. ನಾನು ಕ್ಲಬ್ಬಿನಲ್ಲಿ ಈ ಹೊಡೆತ ಪ್ರಯತ್ನಿಸಿದಾಗಲೆಲ್ಲ ಚೆಂಡು ಪಕ್ಕದ ಕೋರ್ಟಿನ ಅಂಕಲ್ ಕಡೆಗೇ ಹೋಗಿದೆ.

ಅಂಕಿಅಂಶ_ಅಣ್ಣಪ್ಪ
ಅಂದರೆ ಒಂದು ದಿನ ಹುಲಿ, ಒಂದು ದಿನ ಇಲಿ. ಅಂಥವರನ್ನು ದೊಡ್ಡ ಆಟಗಾರ ಅನ್ನಲ್ಲ, ಅಪಾಯಕಾರಿ ಆಟಗಾರ ಅನ್ನುತ್ತಾರೆ. ಆ ಕಾಲದ ನಿಜವಾದ ದೊಡ್ಡ ಆಟಗಾರ ಬೇಕಾದರೆ ಮಾರಿಸ್ ಮೆಕ್‌ಲಾಫ್ಲಿನ್. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನ ಸಾರ್ವಜನಿಕ ಕೋರ್ಟಿನಲ್ಲಿ ಕಲಿತು ಬಂದವ. ಶ್ರೀಮಂತರ ಕ್ಲಬ್ ಆಟವನ್ನು ಸಾಮಾನ್ಯರ ಹತ್ತಿರ ತಂದವ. ಸರ್ವ್ ಅಂದರೆ ಫಿರಂಗಿ. 1912, 1913 ಎರಡೂ ವರ್ಷ ಚಾಂಪಿಯನ್. 1913ರ ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಗೊತ್ತಾ? ಇದೇ ವಿಲಿಯಮ್ಸ್‌ನನ್ನು.

ಗ್ರಾಸ್‌ಕೋರ್ಟ್_ಗಿರಿ
ಮುಂದಿನ ವರ್ಷದ ಫೈನಲ್ ಯಾಕೆ ಹೇಳಲಿಲ್ಲ ಅಣ್ಣಪ್ಪ? 😏

ನ್ಯೂಜೆರ್ಸಿ_ನಂಜುಂಡ
1914ರ ಆಗಸ್ಟ್ ಬಗ್ಗೆ ಯಾರಾದರೂ ಬರೆಯಲೇಬೇಕು. ನಾನೇ ಬರೆಯುತ್ತೇನೆ.

ಯುರೋಪಿನಲ್ಲಿ ಆಗತಾನೆ ಯುದ್ಧ ಶುರುವಾಗಿದೆ. ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಡೇವಿಸ್ ಕಪ್ ಅಂತಿಮ ಸುತ್ತು. ಅಮೆರಿಕಕ್ಕೆ ಎದುರು ಆಸ್ಟ್ರಲೇಷಿಯಾ (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಜಂಟಿ ತಂಡ), ಅಂದರೆ ನಾರ್ಮನ್ ಬ್ರೂಕ್ಸ್ ಮತ್ತು ಟೋನಿ ವೈಲ್ಡಿಂಗ್. ಮೆಕ್‌ಲಾಫ್ಲಿನ್ ಬ್ರೂಕ್ಸ್‌ನನ್ನು ಸೋಲಿಸಿದ ಪಂದ್ಯದ ಮೊದಲ ಸೆಟ್ಟೇ 17-15. ಆಗ ಟೈಬ್ರೇಕರ್ ಎಲ್ಲಿತ್ತು? ವೈಲ್ಡಿಂಗ್‌ನನ್ನೂ ಸೋಲಿಸಿದ. ಆದರೆ ವಿಲಿಯಮ್ಸ್ ಎರಡೂ ಸಿಂಗಲ್ಸ್ ಸೋತ. ಡಬಲ್ಸ್ ಕೂಡ ಹೋಯಿತು. ಕಪ್ 3-2ರಿಂದ ಕೈತಪ್ಪಿತು. ಇವತ್ತಾಗಿದ್ದರೆ ಟ್ವಿಟರ್‌ನಲ್ಲಿ ಆತನ ಚರ್ಮ ಸುಲಿಯುತ್ತಿದ್ದರು.

ಕೆಲವೇ ವಾರಗಳ ನಂತರ ನ್ಯೂಪೋರ್ಟ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್. ಫೈನಲ್‌ನಲ್ಲಿ ಎದುರಿಗೆ ಅದೇ ಮೆಕ್‌ಲಾಫ್ಲಿನ್, ಡೇವಿಸ್ ಕಪ್ಪಿನ ಹೀರೋ. ಬಾಜಿ ಕಟ್ಟುವವರೆಲ್ಲ ಅವನ ಕಡೆಗೇ ಇದ್ದಿರಬೇಕು. ವಿಲಿಯಮ್ಸ್ 6-3, 8-6, 10-8ರಲ್ಲಿ ನೇರ ಸೆಟ್ಟುಗಳಿಂದ ಗೆದ್ದ! ಸರ್ವ್ ಎಷ್ಟು ಜೋರಾಗಿ ಬಂದರೂ ಮುಂದೆ ನಿಂತು ಎಗರುವಾಗಲೇ ಹೊಡೆದರೆ ಅದೇ ವೇಗ ತಿರುಗಿ ಹೋಗುತ್ತದೆ. ಶೆಟ್ಟರು ಹೇಳಿದ ಹೊಡೆತ ಇಂಥ ಸರ್ವ್‌ಗೆ ಹೇಳಿ ಮಾಡಿಸಿದ್ದು.

ನಾನು ನ್ಯೂಪೋರ್ಟ್ ಕ್ಯಾಸಿನೋ ನೋಡಿದ್ದೇನೆ. ಕ್ಯಾಸಿನೋ ಅಂದರೆ ಜೂಜುಕಟ್ಟೆ ಅಲ್ಲ, 1880ರಲ್ಲಿ ಕಟ್ಟಿದ ಕ್ಲಬ್. ಮರದ ಹಲಗೆ ಹೊದಿಸಿದ ಹಳೇ ಕಟ್ಟಡ, ಕುದುರೆ ಲಾಳದ ಆಕಾರದ ಜಗಲಿ, ನಡುವೆ ಹುಲ್ಲಿನ ಕೋರ್ಟು. ಈಗ ಅಲ್ಲೇ ಟೆನಿಸ್ ಹಾಲ್ ಆಫ್ ಫೇಮ್ ಇದೆ. ದುಡ್ಡು ಕೊಟ್ಟರೆ ನಮ್ಮಂಥವರೂ ಅಲ್ಲಿ ಆಡಬಹುದು. ಆಡಿದೆ. ಚೆಂಡು ಎದ್ದೇ ಏಳಲ್ಲ ಸ್ವಾಮಿ, ಪಾದದ ಹತ್ತಿರ ಜಾರಿಕೊಂಡು ಹೋಗುತ್ತದೆ. ಅಂಥ ಕೋರ್ಟಿನಲ್ಲಿ ಹಾಫ್ ವಾಲಿ!

ಅಂಕಿಅಂಶ_ಅಣ್ಣಪ್ಪ
ಸರಿ, ಆ ಫೈನಲ್ ಗೆದ್ದ. ಆದರೆ ಆ ವರ್ಷದ ಅಮೆರಿಕದ ಅಧಿಕೃತ ರ್‍ಯಾಂಕಿಂಗ್ ನೋಡಿ. ಮೊದಲ ಸ್ಥಾನ ಮೆಕ್‌ಲಾಫ್ಲಿನ್‌ಗೆ. ಚಾಂಪಿಯನ್ ವಿಲಿಯಮ್ಸ್‌ಗೆ ಎರಡನೆಯದು. ನಾನು ಹೇಳಿದ್ದಲ್ಲ ಇದು, ಅವರ ಸಂಸ್ಥೆಯೇ ಹೇಳಿದ್ದು.

ಗ್ರಾಸ್‌ಕೋರ್ಟ್_ಗಿರಿ
1916ರ ರ್‍ಯಾಂಕಿಂಗ್ ಕೂಡ ಅದೇ ಸಂಸ್ಥೆಯದು. ಆಗ ನಂಬರ್ ಒನ್ ಯಾರು? ವಿಲಿಯಮ್ಸ್. ಫೈನಲ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಬಿಲ್ ಜಾನ್‌ಸ್ಟನ್‌ನನ್ನು ಐದು ಸೆಟ್ಟುಗಳಲ್ಲಿ ಸೋಲಿಸಿದ. ಮೂರನೇ ಸೆಟ್ 0-6 ಸೋತು, ಆಮೇಲೆ 6-2, 6-4. ಒಂದು ದಿನ ಹುಲಿ ಒಂದು ದಿನ ಇಲಿ ಅಂದಿರಲ್ಲ, ಇಲ್ಲಿ ಒಂದೇ ಮಧ್ಯಾಹ್ನದಲ್ಲಿ ಎರಡೂ ಆಗಿ ಗೆದ್ದಿದ್ದಾನೆ.

ಮಂಜಿನ_ಮಡಿಕೇರಿ
ಕಾರ್ಲ್ ಬೇರ್ ಬಗ್ಗೆ ಯಾರೂ ಮಾತೇ ಆಡಲಿಲ್ಲವಲ್ಲ! ಅದೇ ಹಡಗಿನಲ್ಲಿ ಇನ್ನೊಬ್ಬ ಟೆನಿಸ್ ಆಟಗಾರ ಇದ್ದ. 1907ರ ವಿಂಬಲ್ಡನ್ ಡಬಲ್ಸ್ ಫೈನಲ್ ಆಡಿದವ, ಆಗ ವಿಲಿಯಮ್ಸ್‌ಗಿಂತ ಜಾಸ್ತಿ ಹೆಸರಿದ್ದವ. ಹೆಲೆನ್ ನ್ಯೂಸಮ್ ಅನ್ನುವ ಹುಡುಗಿಯ ಹಿಂದೆ ಬಿದ್ದು ಅದೇ ಹಡಗಿಗೆ ಟಿಕೆಟ್ ತಗೊಂಡಿದ್ದ. ಇಬ್ಬರೂ 5ನೇ ನಂಬರಿನ ದೋಣಿಯಲ್ಲಿ ಪಾರಾದರು. ಮರುವರ್ಷ ಮದುವೆಯೂ ಆಯಿತು.

ತಮಾಷೆ ಕೇಳಿ. ಹಡಗು ಮುಳುಗಿ ಮೂರು ತಿಂಗಳಿಗೆ, 1912ರ ಜುಲೈನಲ್ಲಿ, ಬಾಸ್ಟನ್ನಿನ ಲಾಂಗ್‌ವುಡ್‌ನಲ್ಲಿ ಈ ಇಬ್ಬರೂ ಎದುರುಬದುರು. ವಿಲಿಯಮ್ಸ್ ಮೊದಲ ಎರಡು ಸೆಟ್ ಗೆದ್ದ. ಬೇರ್ ಮುಂದಿನ ಮೂರೂ ಗೆದ್ದು ಪಂದ್ಯ ತಗೊಂಡ. ಕಾಲು ಕತ್ತರಿಸಬೇಕು ಅಂತಿದ್ದವನು ಐದು ಸೆಟ್ ಓಡಿದ್ದಾನೆ ಅನ್ನೋದನ್ನು ಮರೆಯಬೇಡಿ. ಮುಂದೆ 1914ರಲ್ಲಿ ನ್ಯೂಪೋರ್ಟ್ ಕ್ವಾರ್ಟರ್ ಫೈನಲ್‌ನಲ್ಲಿ ಮತ್ತೆ ಸಿಕ್ಕರು. ಆ ಸಲ ವಿಲಿಯಮ್ಸ್ ಗೆದ್ದ.

ಲೆಟ್_ಸರ್ವ್
ಹುಡುಗಿಗೋಸ್ಕರ ಟೈಟಾನಿಕ್ ಹತ್ತಿದ್ದಾ?! ನಾವು ಬಿ.ಎಂ.ಟಿ.ಸಿ. ಬಸ್ಸು ಬದಲಾಯಿಸಿದ್ದೇ ದೊಡ್ಡ ಸಾಹಸ ಅಂದುಕೊಂಡಿದ್ದೆವು.

ಡಾಕ್ಟ್ರಮ್ಮ_ದಾವಣಗೆರೆ
ಬೇರ್ ಒಣಗಿದ ದೋಣಿಯಲ್ಲಿ ಕೂತು ಬಂದ, ವಿಲಿಯಮ್ಸ್ ನೀರಿನಲ್ಲಿ ನಿಂತು ಬಂದ. ಆ ಮೂರು ಸೆಟ್ ಸೋಲಿಗೆ ನನ್ನ ಕಡೆಯಿಂದ ಮೆಡಿಕಲ್ ಸರ್ಟಿಫಿಕೇಟ್ ಕೊಡುತ್ತೇನೆ.

ಹಳೇಪೇಪರ್
ಅಣ್ಣಪ್ಪ, ಲಾರ್ನೆಡ್ ಏಳು ಅಂತ ತಂದಿರಲ್ಲ. ಅದರ ಒಳಗುಟ್ಟು ಹೇಳಲೇಬೇಕು. ಆಗ ಚಾಲೆಂಜ್ ರೌಂಡ್ ಅಂತ ಪದ್ಧತಿ ಇತ್ತು. ಹಿಂದಿನ ವರ್ಷದ ಚಾಂಪಿಯನ್ ಟೂರ್ನಿ ಪೂರ್ತಿ ಆಡಬೇಕಾಗಿರಲಿಲ್ಲ. ಉಳಿದವರೆಲ್ಲ ಬಡಿದಾಡಿಕೊಂಡು ಒಬ್ಬ ಗೆದ್ದು ಬರುತ್ತಾನೆ. ಚಾಂಪಿಯನ್ ನೆರಳಿನಲ್ಲಿ ಕೂತಿದ್ದು ಅವನ ಜೊತೆ ಒಂದೇ ಒಂದು ಪಂದ್ಯ ಆಡಿದರೆ ಸಾಕು. ಲಾರ್ನೆಡ್ 1908ರಿಂದ 1911ರವರೆಗೆ ಪಟ್ಟ ಉಳಿಸಿಕೊಂಡಿದ್ದು ಹಾಗೆ. ಅಮೆರಿಕದಲ್ಲಿ ಇದು 1912ರಲ್ಲಿ ನಿಂತಿತು, ವಿಂಬಲ್ಡನ್‌ನಲ್ಲಿ 1922ರಲ್ಲಿ. ವಿಲಿಯಮ್ಸ್ ಎರಡು ಸಲವೂ ಮೊದಲ ಸುತ್ತಿನಿಂದ ಆಡಿಕೊಂಡೇ ಬಂದ. ಬರೀ ಏಳು, ಎರಡು ಅಂತ ಎಣಿಸಿದರೆ ಹೇಗೆ?

ಅಂಕಿಅಂಶ_ಅಣ್ಣಪ್ಪ
ಟಿಲ್ಡನ್ ಏಳನ್ನೂ ಪೂರ್ತಿ ಟೂರ್ನಿ ಆಡಿಯೇ ಗೆದ್ದ. 1920ರಿಂದ 1925ರವರೆಗೆ ಸತತ ಆರು, ಮತ್ತೆ 1929ರಲ್ಲಿ ಒಂದು. ಅದಕ್ಕೇನು ಅನ್ನುತ್ತೀರಿ?

ಶೆಟ್ಟರ_ಸ್ಲೈಸ್
ಟಿಲ್ಡನ್ ಜೊತೆ ಹೋಲಿಸಿದರೆ ಆ ಕಾಲದ ಎಲ್ಲರೂ ಸಣ್ಣವರೇ. ಅಳತೆಗೋಲೇ ತಪ್ಪು. ಅದೂ ಅಲ್ಲದೆ ವಿಲಿಯಮ್ಸ್‌ನ ಒಳ್ಳೇ ವಯಸ್ಸನ್ನು ಯುದ್ಧ ತಿಂದಿತು. ನಂಬರ್ ಒನ್ ಆದ ಮರುವರ್ಷವೇ ಅಮೆರಿಕ ಯುದ್ಧಕ್ಕೆ ಇಳಿಯಿತು. ಈತ ಸೇನೆ ಸೇರಿ ಫ್ರಾನ್ಸಿಗೆ ಹೋದ. ಸ್ವಿಟ್ಜರ್ಲೆಂಡ್‌ನಲ್ಲಿ ಬೆಳೆದವನಾದ್ದರಿಂದ ಫ್ರೆಂಚ್ ನೀರು ಕುಡಿದಷ್ಟು ಸಲೀಸು. ಫ್ರಾನ್ಸಿನ ಗೌರವಗಳಾದ ಕ್ರುವಾ ದ ಗೆರ್ ಪದಕ, ಲೀಜನ್ ಆಫ್ ಆನರ್ ಎರಡೂ ಬಂದವು. ವಾಪಸು ಬಂದಾಗ 28 ವಯಸ್ಸು, ಎದುರಿಗೆ ಟಿಲ್ಡನ್. ವೈಲ್ಡಿಂಗ್ ಗತಿ ಇನ್ನೂ ಕೆಟ್ಟದ್ದು. ನಂಜುಂಡ ಹೇಳಿದ ಆ ಡೇವಿಸ್ ಕಪ್ ಆಡಿ ಒಂಬತ್ತು ತಿಂಗಳಿಗೆ, 1915ರ ಮೇ ತಿಂಗಳಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಸತ್ತ.

ಅಂದ ಹಾಗೆ 1923ರ ಡೇವಿಸ್ ಕಪ್ ಅಂತಿಮ ಸುತ್ತಿನ ಡಬಲ್ಸ್‌ನಲ್ಲಿ ಟಿಲ್ಡನ್ ಪಕ್ಕ ನಿಂತು ಆಡಿದ್ದು ಇದೇ ವಿಲಿಯಮ್ಸ್. ಮೊದಲ ಸೆಟ್ 17-15, ಎರಡನೆಯದು 11-13. ಗೆದ್ದರು.

ಗ್ರಾಸ್‌ಕೋರ್ಟ್_ಗಿರಿ
ಒಲಿಂಪಿಕ್ ಕತೆ ನನಗೆ ಎಲ್ಲಕ್ಕಿಂತ ಇಷ್ಟ. 1924, ಪ್ಯಾರಿಸ್. ವಿಲಿಯಮ್ಸ್‌ಗೆ 33, ಮಿಶ್ರ ಡಬಲ್ಸ್ ಜೋಡಿ ಹೇಝಲ್ ವೈಟ್‌ಮನ್‌ಗೆ 37. ಆಕೆ ನಾಲ್ಕು ಸಲ ಅಮೆರಿಕದ ಸಿಂಗಲ್ಸ್ ಚಾಂಪಿಯನ್. ನಡುವೆ ವಿಲಿಯಮ್ಸ್ ಕಾಲು ಉಳುಕಿತು. ನಿಲ್ಲಿಸಿಬಿಡೋಣ ಅಂದ. ಆಕೆ ಬಿಡಬೇಕಲ್ಲ! ನೀನು ನೆಟ್ ಹತ್ತಿರ ಸುಮ್ನೆ ನಿಂತಿರು, ಓಡೋದೆಲ್ಲ ನಾನು ನೋಡಿಕೊಳ್ಳುತ್ತೇನೆ ಅಂದಳು. ಫೈನಲ್‌ನಲ್ಲಿ ರಿಚರ್ಡ್ಸ್ ಮತ್ತು ಮರಿಯನ್ ಜೆಸಪ್ ಜೋಡಿಯನ್ನು 6-2, 6-3ರಲ್ಲಿ ಮುಗಿಸಿದರು.

ಮಂಜಿನ_ಮಡಿಕೇರಿ
ಇದರ ಬಾಲ ನಮ್ಮ ಊರಿನ ತನಕ ಬರುತ್ತದೆ ಗೊತ್ತಾ? 1924ರ ನಂತರ ಒಲಿಂಪಿಕ್ಸ್‌ನಿಂದ ಟೆನಿಸ್ಸೇ ಹೋಯಿತು. ಪದಕದ ಆಟವಾಗಿ ಮರಳಿದ್ದು 1988ರಲ್ಲಿ, ಮಿಶ್ರ ಡಬಲ್ಸ್ ಮರಳಿದ್ದು 2012ರಲ್ಲಿ. ಅಲ್ಲಿಯವರೆಗೆ 88 ವರ್ಷ ವಿಲಿಯಮ್ಸ್-ವೈಟ್‌ಮನ್ ಹೆಸರಿನ ಮುಂದೆ ಇನ್ನೊಂದು ಹೆಸರು ಬರಲೇ ಇಲ್ಲ. ಅಮೆರಿಕಕ್ಕೆ ಮತ್ತೆ ಆ ಚಿನ್ನ ಸಿಕ್ಕಿದ್ದು 2016ರ ರಿಯೋದಲ್ಲಿ, 1924ರ ಹಾಗೆಯೇ ಅಮೆರಿಕದ ಎರಡು ಜೋಡಿಗಳ ಫೈನಲ್. ಸೋತ ಜೋಡಿ ವೀನಸ್ ವಿಲಿಯಮ್ಸ್-ರಾಜೀವ್ ರಾಮ್. ಅವರು ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ನಮ್ಮ ಕೊಡಗಿನ ಬೋಪಣ್ಣ ಮತ್ತು ಸಾನಿಯಾರನ್ನು. ಮೊದಲ ಸೆಟ್ ನಮ್ಮದೇ ಆಗಿತ್ತು, ಛೇ.

ಲೆಟ್_ಸರ್ವ್
ರಾಜೀವ್ ರಾಮ್ ಅಪ್ಪ ಅಮ್ಮನ ಮೂಲ ಬೆಂಗಳೂರೇ. ನಮ್ಮವರೇ ನಮ್ಮವರನ್ನು ಸೋಲಿಸಿದರು ಅಂತ ಅವತ್ತು ಆಫೀಸಿನಲ್ಲಿ ಇಡೀ ದಿನ ಇದೇ ಮಾತು.

ಹಳೇಪೇಪರ್
ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಆದರೂ ಒಂದು ಸೇರಿಸುತ್ತೇನೆ. ಆ 1924ರ ಪ್ಯಾರಿಸ್‌ನಲ್ಲಿ ಭಾರತದ ಟೆನಿಸ್ ತಂಡವೂ ಇತ್ತು. ಸಿಡ್ನಿ ಜೇಕಬ್ ಸಿಂಗಲ್ಸ್ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಫ್ರಾನ್ಸಿನ ಜಾನ್ ಬೊರೊತ್ರಾಗೆ ಸೋತರು. ಮೊಹಮ್ಮದ್ ಸಲೀಂ, ಅಥರ್ ಅಲಿ ಫೈಜಿ, ಸೈಯದ್ ಹಾದಿ, ನೋರಾ ಪಾಲಿ ಕೂಡ ಆಡಿದ್ದರು. ಇವರ ಬಗ್ಗೆ ಬೇರೆ ಥ್ರೆಡ್ ಬೇಕು.

ಅಂಕಿಅಂಶ_ಅಣ್ಣಪ್ಪ
ಬೇರೆ ಥ್ರೆಡ್ ಆಮೇಲೆ. ನನ್ನ ಲೆಕ್ಕ ಬದಲಾಗಿಲ್ಲ. ಸಿಂಗಲ್ಸ್‌ನಲ್ಲಿ ಎರಡನೇ ಸಾಲಿನ ಆಟಗಾರ. ಡಬಲ್ಸ್ ಸೇರಿಸಿದರೆ ಮೊದಲ ಸಾಲಿನ ಕೊನೆ ಕುರ್ಚಿ ಕೊಡಬಹುದು. ಅದಕ್ಕಿಂತ ಹೆಚ್ಚು ಕೇಳಬೇಡಿ.

ನ್ಯೂಜೆರ್ಸಿ_ನಂಜುಂಡ
1957ರಲ್ಲೇ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದಾರೆ ಅಣ್ಣಪ್ಪ. ಅಲ್ಲಿ ಎಲ್ಲರಿಗೂ ಒಂದೇ ಥರದ ಕುರ್ಚಿ.

ಗಿರಿಯ ಮೊದಲ ಪ್ರಶ್ನೆಗೆ ನನ್ನ ಉತ್ತರ: ಹೌದು, ಹಡಗು ಇಲ್ಲದಿದ್ದರೂ ದೊಡ್ಡವನೇ. ನಿಜ ಹೇಳಬೇಕೆಂದರೆ ಟೈಟಾನಿಕ್‌ನಿಂದ ಆತನಿಗೆ ನಷ್ಟವೇ ಜಾಸ್ತಿ ಆಯಿತು. ಆತ ಸ್ವತಃ ಆ ರಾತ್ರಿ ಬಗ್ಗೆ ಜನರ ಮುಂದೆ ಹೆಚ್ಚು ಮಾತಾಡಿದವನಲ್ಲ. ಫಿಲಡೆಲ್ಫಿಯಾದಲ್ಲಿ ಬ್ಯಾಂಕಿಂಗ್ ಕೆಲಸ, ಪೆನ್ಸಿಲ್ವೇನಿಯಾ ಇತಿಹಾಸ ಸಂಘದ ಅಧ್ಯಕ್ಷಗಿರಿ ಅಂತ ಇದ್ದುಬಿಟ್ಟ. ಆಡಿದ್ದಷ್ಟೂ ಅಮೆಚೂರ್ ಆಗಿಯೇ, ಬಹುಮಾನದ ದುಡ್ಡು ಅನ್ನೋದೇ ಇರಲಿಲ್ಲ. ಸತ್ತಿದ್ದು 1968ರ ಜೂನ್‌ನಲ್ಲಿ. ಅದೇ ವರ್ಷ ಟೆನಿಸ್‌ನಲ್ಲಿ ವೃತ್ತಿಪರರಿಗೂ ಬಾಗಿಲು ತೆರೆಯಿತು.

ಶೆಟ್ಟರ_ಸ್ಲೈಸ್
ಒಪ್ಪಿದೆ. ಮೆಕ್‌ಲಾಫ್ಲಿನ್ 1915ರ ಫೈನಲ್ ಸೋತ ಮೇಲೆ ಅಮೆರಿಕದ ಸಿಂಗಲ್ಸ್ ಫೈನಲ್‌ಗೆ ಮತ್ತೆ ಬರಲೇ ಇಲ್ಲ. ವಿಲಿಯಮ್ಸ್ 35ನೇ ವಯಸ್ಸಿನಲ್ಲೂ ಅಮೆರಿಕದ ಡಬಲ್ಸ್ ಗೆಲ್ಲುತ್ತಿದ್ದ. ದೀರ್ಘಕಾಲ ಆಡೋದಕ್ಕೂ ಒಂದು ಕಾಲಂ ಹಾಕಿ ಅಣ್ಣಪ್ಪ ನಿಮ್ಮ ಎಕ್ಸೆಲ್ ಶೀಟಿನಲ್ಲಿ.

ಅಂಕಿಅಂಶ_ಅಣ್ಣಪ್ಪ
ಹಾಕುತ್ತೇನೆ. ಆದರೆ ಆಗ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಬೋಪಣ್ಣ ಎಲ್ಲರಿಗಿಂತ ಮೇಲೆ ಬರುತ್ತಾರೆ. ಒಪ್ಪಿಗೆ ತಾನೇ?

ಮಂಜಿನ_ಮಡಿಕೇರಿ
ಇದೊಂದಕ್ಕೆ ಮಾತ್ರ ಅಣ್ಣಪ್ಪನವರಿಗೆ ನನ್ನ ಪೂರ್ತಿ ಬೆಂಬಲ.